ಎಣಿಸುವ ಪೆಟ್ಟಿಗೆ

ವೀರಪ್ಪ ಮಾಸ್ತರರ ಮನೆಯಲ್ಲಿ ಮುಂಜಾನೆಯ ಪೂಜೆಗೆ ಒಂದು ಮರ್ಯಾದೆ ಇತ್ತು. ಅವರು ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆಂದರೆ ಹೆಂಡತಿ ಪಾರವ್ವ ಒಲೆಯ ಮುಂದಿನ ಮಾತನ್ನೂ ಪಿಸುಮಾತು ಮಾಡುತ್ತಿದ್ದಳು. ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋದರೂ ಮಾಸ್ತರರ ರೆಪ್ಪೆ ಅಲುಗುತ್ತಿರಲಿಲ್ಲ. ಮೂವತ್ತು ವರ್ಷ ನಡೆದುಬಂದ ಆ ನೆಮ್ಮದಿ ಈಗ ಹದಿನೆಂಟು ದಿನದಿಂದ ಕೆಟ್ಟಿತ್ತು. ಅಂಗೈಯ ಮೇಲೆ ನೋಟ ನಿಲ್ಲುವ ಹೊತ್ತಿಗೆ ತುಟಿಗಳು ತಾವಾಗಿಯೇ ಅಲ್ಲಾಡತೊಡಗುತ್ತಿದ್ದವು, ಯಾರಿಗೋ ಏನೋ ಜವಾಬು ಕೊಟ್ಟ ಹಾಗೆ.

ಶನಿವಾರ ಪಾರವ್ವ ತಡೆಯಲಾರದೆ ಕೇಳಿಯೇಬಿಟ್ಟಳು. “ಅಲ್ರಿ, ಲಿಂಗಪ್ಪನ್ನ ಕೈಯಾಗ ಹಿಡ್ಕೊಂಡು ಯಾರ ಕೂಡ ವಾದ ಮಾಡಾಕತ್ತೀರಿ?”

ಮಾಸ್ತರರು ಲಿಂಗವನ್ನು ಕೊರಳಿನ ಕರಡಿಗೆಯೊಳಗೆ ಇಟ್ಟು ಮುಚ್ಚಿದರು. ಮೂಡಲಗಿಯಿಂದ ನಾಲ್ಕು ಮೈಲಿ ಈಚೆಗಿರುವ ಆ ಊರಿನ ಹೈಸ್ಕೂಲಿಗೆ ಅವರು ಹೆಡ್‌ಮಾಸ್ತರರು. ಮಕ್ಕಳ ಬಾಯಲ್ಲಿ ‘ದೊಡ್ಡ ಸರ್’. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ಮಕ್ಕಳ ಹೆಸರುಗಳನ್ನು ಸೋಮವಾರ ಸಂಜೆಯೊಳಗೆ ಮೇಲಕ್ಕೆ ಕಳಿಸಬೇಕಿತ್ತು. ಆ ಯಾದಿಯಲ್ಲಿ ದೀಪಾ ಎಂಬ ಹುಡುಗಿಯ ಹೆಸರು ಇರಲಿಲ್ಲ. ಅವಳನ್ನು ಶಾಲೆ ಬಿಡಿಸಿ ಕಳಿಸಿದವರು ಅವರೇ. ಸೋಮವಾರ ದಾಟಿದರೆ ಹುಡುಗಿಗೆ ಒಂದು ವರ್ಷ ಹೋಯಿತು. ಕುರಿಯ ಹಿಂದೆ ಹೋದ ಹೆಣ್ಣುಮಗಳಿಗೆ ಒಂದು ವರ್ಷ ಹೋಯಿತೆಂದರೆ ಶಾಲೆಯೇ ಹೋದ ಹಾಗೆ.

ಆದದ್ದು ಹೀಗೆ.

ದೀಪಾ ಕುರುಬರ ಮಾಲಿಂಗಪ್ಪನ ಮಗಳು. ತಾಯಿ ಇಲ್ಲ. ಅಪ್ಪ ಮಳೆಗಾಲ ಮುಗಿದೊಡನೆ ಹಿಂಡು ಹೊಡೆದುಕೊಂಡು ಪಡುವಣಕ್ಕೆ ಹೊರಟರೆ, ಹುಡುಗಿ ಅಪ್ಪನ ತಾಯಿ, ಆಯಿ ಉದ್ದವ್ವನ ಜೊತೆ ಊರಲ್ಲಿದ್ದು ಓದುತ್ತಿದ್ದಳು. ಆ ಮನೆತನದಲ್ಲಿ ಕುರಿಗಳನ್ನು ಎಣಿಸುವ ರೂಢಿ ಇಲ್ಲ. ಎಷ್ಟು ಕುರಿ ಅದಾವಪ್ಪಾ ಎಂದು ಯಾರಾದರೂ ಕೇಳಿದರೆ ‘ಬೀರದೇವರು ಕೊಟ್ಟಷ್ಟು’ ಎನ್ನುತ್ತಾರೆ. ಎಣಿಸಿದ್ದು ಏರುವುದಿಲ್ಲ, ಲೆಕ್ಕ ಮಾಡಿದವನ ಕಣ್ಣೇ ಮೊದಲು ತಗಲುತ್ತದೆ ಎಂಬುದು ಉದ್ದವ್ವನ ನಂಬಿಕೆ. ಸಂಜೆ ಹಿಂಡು ಬಂದಾಗ ಮುಖ ನೋಡಿ, ದನಿ ಕೇಳಿ, ಯಾವುದು ಬಂತು ಯಾವುದು ಬರಲಿಲ್ಲ ಎಂದು ತಿಳಿಯಬೇಕು. ನೂರಾರು ಮುಖಗಳನ್ನು ಮಾಲಿಂಗಪ್ಪ ಹಾಗೆ ಬಲ್ಲ. ಆದರೆ ಆಷಾಢದಲ್ಲಿ ಅವನು ಜ್ವರ ಬಂದು ಮಲಗಿದ್ದಾಗ ಗಬ್ಬದ ಕುರಿಯೊಂದು ಕಬ್ಬಿನಲ್ಲಿ ಉಳಿದುಬಿಟ್ಟಿತು. ಗೊತ್ತಾಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. ನರಿಗಳು ಉಳಿಸಿದ್ದನ್ನು ನೋಡಿ ಬಂದ ಅಪ್ಪ ಆ ದಿನ ಊಟ ಮಾಡಲಿಲ್ಲ. ದೀಪಾಳ ತಲೆಯಲ್ಲಿ ಅಂದಿನಿಂದ ಒಂದು ವಿಚಾರ ಹೊಕ್ಕಿತು.

ವಿಜ್ಞಾನದ ಶೋಭಾ ಟೀಚರು ತಮ್ಮ ಹಳೆಯ ಕ್ಯಾಲ್ಕುಲೇಟರ್ ಕೊಟ್ಟರು. ಗೋಕಾಕದ ಮೊಬೈಲ್ ರಿಪೇರಿಯವನು ಎರಡು ಮೂರು ಚೂರು ಸಾಮಾನು ಕೊಟ್ಟ. ಹಟ್ಟಿಯ ಬಾಗಿಲ ಒಂದು ಬದಿಗೆ ಆಟಿಕೆಯ ಕೆಂಪು ಟಾರ್ಚು, ಎದುರಿಗೆ ಅದರ ಬೆಳಕು ಹಿಡಿಯುವ ಸಣ್ಣ ಬಿಲ್ಲೆ. ನಡುವೆ ಯಾವುದಾದರೂ ಕಾಲು ಹಾದು ಬೆಳಕು ಕಡಿದರೆ ಕ್ಯಾಲ್ಕುಲೇಟರಿನಲ್ಲಿ ಒಂದು ಅಂಕಿ ಏರುತ್ತದೆ. ಟಾರ್ಚು ಬಿಟ್ಟು ಉಳಿದೆಲ್ಲವನ್ನೂ ಕರದಂಟಿನ ಖಾಲಿ ಡಬ್ಬಿಯೊಳಗೆ ಕೂರಿಸಿ ಹುಡುಗಿ ಆಯಿಗೆ ತೋರಿಸಿದಳು. ಕುರಿಗೆ ಇದನ್ನು ಹಚ್ಚಲು ಉದ್ದವ್ವ ಸುತರಾಂ ಒಪ್ಪಲಿಲ್ಲ. ಆದರೆ ಹೊಸದಾಗಿ ಕೈಯಿಂದ ಮಾಡಿದ ಯಾವ ಸಾಮಾನೂ ದೇವರ ಹೆಸರಿಲ್ಲದೆ ಹೊಸ್ತಿಲು ದಾಟಬಾರದೆಂದು ಬೀರದೇವರ ಭಂಡಾರವನ್ನು, ಆ ಪ್ರಸಾದದ ಅರಿಶಿನ ಪುಡಿಯನ್ನು, ಕಾಗದದಲ್ಲಿ ಮಡಚಿ ಡಬ್ಬಿಯೊಳಗೆ ಇಟ್ಟುಕೊಟ್ಟಳು. ಕುರಿಗಳನ್ನು ಎಣಿಸುವ ಹಾಗಿಲ್ಲವಲ್ಲ, ಪೆಟ್ಟಿಗೆ ಸರಿಯಾಗಿ ಎಣಿಸುತ್ತದೋ ಇಲ್ಲವೋ ತಿಳಿಯುವುದು ಹೇಗೆ? ದೀಪಾ ಯೋಚಿಸಿದಳು. ಮಂಗಳವಾರ ಎಲ್ಲರಿಗಿಂತ ಮೊದಲು ಶಾಲೆಗೆ ಬಂದು, ಗೇಟಿನ ಬದಿಯ ಕಣಗಿಲೆ ಗಿಡದ ಬುಡದಲ್ಲಿ, ಕುರಿಯ ಎತ್ತರಕ್ಕೆ ಸರಿಯಾಗಿ ಅದನ್ನು ಕಟ್ಟಿ, ಎದುರು ಬದಿಗೆ ಟಾರ್ಚು ಸಿಕ್ಕಿಸಿದಳು. ಮಕ್ಕಳನ್ನು ಎಣಿಸಿ ನೋಡುವುದು, ಪ್ರಾರ್ಥನೆ ಮುಗಿದ ಮೇಲೆ ದೊಡ್ಡ ಸರ್‌ಗೆ ತೋರಿಸುವುದು, ಇದು ಅವಳ ಲೆಕ್ಕ. ಶೋಭಾ ಟೀಚರು ಆ ವಾರ ತರಬೇತಿಗೆಂದು ಬೆಳಗಾವಿಗೆ ಹೋಗಿದ್ದರು.

ವೀರಪ್ಪ ಮಾಸ್ತರರು ಕೆಟ್ಟ ಮನುಷ್ಯರಲ್ಲ. ಹಿಂದಿನ ದಿನವಷ್ಟೇ ಗೋಕಾಕದಲ್ಲಿ ಹೆಡ್‌ಮಾಸ್ತರರ ಸಭೆಯಾಗಿತ್ತು. ದೊಡ್ಡ ಊರುಗಳ ಶಾಲೆಗಳಿಗೆ ಬಾಂಬಿನ ಬೆದರಿಕೆಯ ಮೇಲ್‌ಗಳು ಬರುತ್ತಿವೆ, ಎಚ್ಚರವಿರಲಿ, ಏನಾದರೂ ಆದರೆ ಶಾಲೆಯ ಮುಖ್ಯಸ್ಥರೇ ಹೊಣೆ ಎಂದು ಅಲ್ಲಿ ಮೂರು ಸಲ ಹೇಳಿದ್ದರು. ನಿವೃತ್ತಿಗೆ ಏಳು ತಿಂಗಳು ಉಳಿದಿದ್ದ ಮನುಷ್ಯನ ಕಿವಿಯಲ್ಲಿ ಆ ‘ಹೊಣೆ’ ಎಂಬ ಮಾತು ರಾತ್ರಿಯೆಲ್ಲ ಗುಂಯ್‌ಗುಟ್ಟಿತ್ತು. ಬೆಳಿಗ್ಗೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಶಾಲೆಯ ಸಿಪಾಯಿ ಮುತ್ತಪ್ಪ ಬಂದು, ಕಣಗಿಲೆ ಬುಡದಲ್ಲಿ ಏನೋ ಮಿಣಮಿಣ ಅನ್ನುತ್ತದೆ ಎಂದ. ಮಾಸ್ತರರು ಹೋಗಿ ಬಗ್ಗಿದರು. ವೈರು. ಕೆಂಪು ಬೆಳಕು. ಒಳಗೊಂದು ಕಾಗದದ ಪೊಟ್ಟಣ, ಅದರ ಅಂಚಿನಿಂದ ಉದುರಿದ ಹಳದಿ ಪುಡಿ. ಮೇಲೆ ಅಂಕಿ: ೨೦೯. ಅವರು ಗಾಬರಿಯಿಂದ ಒಂದು ಕಾಲು ಮುಂದಿಟ್ಟರು. ೨೧೦. ಹಿಂದಕ್ಕೆ ತೆಗೆದರು. ೨೧೧.

ಮುತ್ತಪ್ಪ ಒಕ್ಕಲುತನದ ಮನುಷ್ಯ, ನೋಡುವುದನ್ನು ಸಾವಕಾಶವಾಗಿ ನೋಡುವವನು. “ಸರ, ನೀವು ಅಲ್ಲಾಡಿದಾಗಷ್ಟ ಅದು ಓಡತೈತ್ರಿ. ಸ್ವಲ್ಪ ಸುಮ್ಮ ನಿಲ್ರಿ ನೋಡೋಣು” ಎಂದ.

ಅಂಜಿಕೆ ಹೊಕ್ಕ ಮೇಲೆ ಕಿವಿಗೆ ಜಾಗ ಎಲ್ಲಿ? ಮಾಸ್ತರರಿಗೆ ಕಂಡದ್ದು ಓಡುತ್ತಿರುವ ಅಂಕಿ ಮಾತ್ರ. ಇರುವುದು ಒಂದೇ ಗೇಟು, ಅಲ್ಲಿಯೇ ಈ ಪೆಟ್ಟಿಗೆ. ಅವರು ಮೈದಾನದ ನಡುವೆ ನಿಂತು, ಜೀವಮಾನದಲ್ಲಿ ಎಂದೂ ತೆಗೆಯದ ದನಿ ತೆಗೆದು, ಹಿಂದಿನ ಗೋಡೆ ಜಿಗಿದು ಓಡಿರೆಂದು ಕೂಗಿದರು. ಎದೆಯೆತ್ತರದ ಗೋಡೆ, ಆಚೆಗೆ ಕಲ್ಲಿನ ಬದು. ಮಕ್ಕಳು ಒಬ್ಬರ ಮೇಲೊಬ್ಬರು ಜಿಗಿದರು. ಎಂಟನೆಯ ತರಗತಿಯ ಭಾಗ್ಯಾ ಕೈ ಊರಿ ಬಿದ್ದಳು. ಮೊಳಕೈ ಕೆಳಗೆ ಎಲುಬು ಮುರಿಯಿತು.

ಎಲ್ಲರೂ ಹಿಂದಕ್ಕೆ ಓಡುತ್ತಿರುವಾಗ ಒಬ್ಬ ಹುಡುಗಿ ಮಾತ್ರ ಗೇಟಿನ ಕಡೆ ಓಡಿ ಬಂದಳು. ಅದು ತನ್ನದು, ಬರೀ ಎಣಿಸುವ ಪೆಟ್ಟಿಗೆ, ಈಗಲೇ ಬಿಚ್ಚುತ್ತೇನೆ ಎಂದಳು. ಮಾಸ್ತರರು ಅವಳ ಮುಂಗೈ ಹಿಡಿದು ಎಳೆದರು. ಎರಡು ಬಳೆ ಒಡೆದವು. ‘ತನ್ನದು’ ಎಂಬ ಒಂದು ಮಾತಷ್ಟೇ ಅವರ ತಲೆಗೆ ಹೋಯಿತು.

ಆಮೇಲೆ ಪೊಲೀಸರು ಬಂದರು. ಬಾಂಬು ನೋಡುವವರು ಜಿಲ್ಲೆಯಿಂದ ಬರುವತನಕ ದೀಪಾ ಜೀಪಿನೊಳಗೆ ಕೂತಳು. ಮಾಲಿಂಗಪ್ಪ ಅಂದು ಹಿಂಡು ಹೊರಡಿಸುವ ತಯಾರಿಯಲ್ಲಿದ್ದವನು ಸುದ್ದಿ ಕೇಳಿ ಓಡಿಬಂದ. ಅವನ ಕಂಬಳಿ ಕೊಡವಿಸಿ ನೋಡಿದರು. ಜೀಪಿನ ಬಾಜೂಕೆ ಅವನು ಕೈ ಮುಗಿದುಕೊಂಡು ನಿಂತೇ ಇದ್ದ. ಮೂರು ಗಂಟೆಗೆ ಜಿಲ್ಲೆಯವರು ಬಂದು, ಉದ್ದನೆಯ ಇಕ್ಕಳದಿಂದ ಡಬ್ಬಿ ತೆಗೆದು ಬಿಚ್ಚಿದರೆ ಒಂದು ಕ್ಯಾಲ್ಕುಲೇಟರು, ಎರಡು ಸೆಲ್ಲು, ಒಂದು ಪೊಟ್ಟಣ. ಪೊಟ್ಟಣವನ್ನು ಅತ್ತ ಇತ್ತ ಹೊರಳಿಸುತ್ತಿದ್ದಾಗ ನಮ್ಮ ಕಡೆಯ ಪೊಲೀಸನೊಬ್ಬ ಮುಂದೆ ಬಂದು, ಇದು ಭಂಡಾರ ಸಾಹೇಬರೇ ಎಂದು ಹೇಳಿ, ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡ. ಬಂದವರು ನಕ್ಕು, ಮಕ್ಕಳಾಟ ಎಂದು ಬರೆದುಕೊಂಡು ಹೊರಟುಹೋದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಡೀ ದಿನ ಅಂಜಿದ ಊರು ಸಂಜೆಗೆ ಸಿಟ್ಟಾಯಿತು. ಸಿಟ್ಟು ಇಳಿಯಲು ಒಂದು ತಲೆ ಬೇಕು. ಭಾಗ್ಯಾಳ ಅಪ್ಪ ಅರ್ಜುನ ಕಬ್ಬಿನ ಟ್ರ್ಯಾಕ್ಟರು ಓಡಿಸುವವನು, ದವಾಖಾನೆಯಿಂದ ನೆಟ್ಟಗೆ ಶಾಲೆಗೆ ಬಂದಿದ್ದ. ಊರವರೆಲ್ಲ ಕೂಡಿದ ಸಭೆಯಲ್ಲಿ ಅವನು ಕೇಳಿದ್ದು ಒಂದೇ ಮಾತು. “ಆ ಪೆಟಗಿ ಇಡದಿದ್ರ ನನ್ನ ಮಗಳ ಕೈ ಮುರೀತಿತ್ತೇನ್ರಿ?”

ಇದಕ್ಕೆ ಉತ್ತರ ಗೊತ್ತಿದ್ದವರು ಆ ಸಭೆಯಲ್ಲಿ ಒಬ್ಬರಿದ್ದರು. ಗೋಡೆ ಜಿಗಿಯಿರೆಂದು ಕೂಗಿದ್ದು ಪೆಟ್ಟಿಗೆಯಲ್ಲ. ಆ ಉತ್ತರ ವೀರಪ್ಪ ಮಾಸ್ತರರ ಗಂಟಲತನಕ ಬಂದು ಅಲ್ಲಿಯೇ ಕೂತಿತು. ಬದಲಿಗೆ ಅವರು ಕಾಗದ ತೆಗೆದು ದೀಪಾಳ ಟಿ.ಸಿ. ಬರೆದರು. ಮಾಲಿಂಗಪ್ಪ ಏನೂ ಕೇಳದೆ ಹೆಬ್ಬೆಟ್ಟು ಒತ್ತಿದ. ದೀಪಾ ಅಳಲಿಲ್ಲ. ಹೊಸ್ತಿಲ ಹತ್ತಿರ ತಿರುಗಿ, “ಸರ, ಕ್ಯಾಲ್ಕುಲೇಟರ ಶೋಭಾ ಟೀಚರದ್ರಿ. ಅವರಿಗೆ ಮುಟ್ಟಸ್ರಿ” ಎಂದಳು. ಮರುದಿನ ಹಿಂಡಿನ ಜೊತೆ ಹುಡುಗಿಯೂ ಹೋದಳು, ಉದ್ದವ್ವನೂ ಮನೆಗೆ ಬೀಗ ಹಾಕಿ ಹೋದಳು.

ತರಬೇತಿ ಮುಗಿಸಿ ಬಂದ ಶೋಭಾ ಟೀಚರು ಕ್ಯಾಲ್ಕುಲೇಟರನ್ನು ಮಾಸ್ತರರ ಕೈಯಿಂದ ಇಸಿದುಕೊಂಡರು. ಜಗಳ ಮಾಡುವ ಹೆಣ್ಣುಮಗಳಲ್ಲ. ಹೋಗುವ ಮುಂದೆ ಹೇಳಿದರು: “ನೀವು ಅಂಜಿದ್ದು ತಪ್ಪಲ್ರಿ ಸರ. ಯಾರರ ಅಂಜತಿದ್ರು. ಅಂಜಿಕಿ ಇಳಿದ ಮ್ಯಾಲೂ ಆಕಿನ್ನ ಕಳಿಸಿದ್ರಿ, ಅದನ್ನ ಹ್ಯಾಂಗ ನುಂಗಲಿ?”

ಅಂದಿನಿಂದ ಮಾಸ್ತರರಿಗೂ ಅದು ನುಂಗಲಾಗಿರಲಿಲ್ಲ. ಮಾಲಿಂಗಪ್ಪನ ನಂಬರಿಗೆ ಫೋನು ಹಚ್ಚಿದರು. ಎರಡು ಸಲ ರಿಂಗಾಗಿ ಕಟ್ಟಾಯಿತು. ಮೂರನೆಯ ಸಲಕ್ಕೆ ಸ್ವಿಚ್ ಆಫ್.

ಭಾನುವಾರ ಮುಂಜಾನೆ ಅವರು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಪಾರವ್ವ ಎಲ್ಲಿಗೆಂದು ಕೇಳಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ನಾಲ್ಕು ಶೇಂಗಾ ಹೋಳಿಗೆ ಕಟ್ಟಿ ಚೀಲದಲ್ಲಿಟ್ಟಳು. ಅವಳಿಗೆ ಎಲ್ಲ ಗೊತ್ತಿತ್ತು. ಪೂಜೆಯಲ್ಲಿ ಗಂಡನ ತುಟಿ ಓದುವುದು ಕಷ್ಟದ ಕೆಲಸವಲ್ಲ.

ಕುರಿ ಹಿಂಡು ಹುಡುಕುವುದೆಂದರೆ ನೀರಿನ ಜಾಡು ಹಿಡಿದ ಹಾಗೆ, ಕೇಳುತ್ತ ಕೇಳುತ್ತ ಹೋಗಬೇಕು. ನಾಗನೂರಿನಲ್ಲಿ ಒಬ್ಬ ರೈತ, ಮೂರು ರಾತ್ರಿ ತನ್ನ ಹೊಲದಲ್ಲಿ ಕುರಿ ನಿಲ್ಲಿಸಿದ್ದರು, ಗೊಬ್ಬರ ಚಲೋ ಬಿತ್ತು ಎಂದು ಹೇಳಿ ಗೋಕಾಕದ ದಾರಿ ತೋರಿಸಿದ. ಘಟಪ್ರಭಾ ಸ್ಟೇಷನ್ನಿನ ಮುಂದೆ ಚಹಾ ಮಾರುವವನು, ಆ ಹಿಂಡು ರೈಲು ಗೇಟು ದಾಟುವ ತನಕ ಎರಡು ಬಸ್ಸು ನಿಂತಿದ್ದವು, ಮುದುಕಿಯೊಬ್ಬಳು ಡ್ರೈವರನಿಗೇ ಜೋರು ಮಾಡಿದಳು ಎಂದ. ಉದ್ದವ್ವನೇ ಸೈ ಎಂದುಕೊಂಡರು ಮಾಸ್ತರರು. ಹಿಡಕಲ್ಲಿನಲ್ಲಿ ನೀರಾವರಿಯ ಕೆಲಸಗಾರರು ಹುಕ್ಕೇರಿಯ ಕಡೆ ಕೈ ಮಾಡಿದರು. ಬಸ್ಸಿನ ಕಿಟಕಿಯಿಂದ ಅವರು ದಾರಿಯುದ್ದಕ್ಕೂ ಹೊಲಗಳನ್ನು ನೋಡುತ್ತಿದ್ದರು. ಇಷ್ಟು ವರ್ಷ ಈ ಹುಡುಗಿಯ ಹಾಜರಿ ಕೂಗಿದೆ, ಇವಳ ಅಪ್ಪ ಯಾವ ದಾರಿಯಲ್ಲಿ ನಡೆಯುತ್ತಾನೆ ಎಂದು ಒಂದು ದಿನವೂ ಕೇಳಲಿಲ್ಲವಲ್ಲ ಎನ್ನಿಸಿತು. ಮನದಲ್ಲೇ ‘ಶಿವಾ’ ಎಂದರು. ಮುಂದಿನ ಮಾತು ಹೊಳೆಯಲಿಲ್ಲ.

ಹುಕ್ಕೇರಿಗೆ ಒಂದು ಮೈಲಿ ಇರುವಾಗ ಗೋವಿನಜೋಳ ಕಿತ್ತ ಹೊಲವೊಂದರಲ್ಲಿ ಬಲೆ ಕಟ್ಟಿದ ಹಟ್ಟಿ ಕಂಡಿತು. ಜೊತೆಯ ಕುರುಬರು ಹಿಂಡನ್ನು ಮೇಯಿಸಲು ಹೊಡೆದುಕೊಂಡು ಹೋಗಿದ್ದರು. ಜಾಲಿ ಮರದ ನೆರಳಲ್ಲಿ ಉದ್ದವ್ವ ಉಣ್ಣೆ ನೂಲುತ್ತ ಕೂತಿದ್ದಳು. ಮಾಲಿಂಗಪ್ಪ ಕಾಲಿಗೆ ಮುಳ್ಳು ನೆಟ್ಟಿತ್ತೆಂದು ಅಂದು ಹಟ್ಟಿಯಲ್ಲಿಯೇ ಇದ್ದ. ದೀಪಾ ಎಳೆಯ ಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಬಾಟಲಿಯಿಂದ ಹಾಲು ಕುಡಿಸುತ್ತಿದ್ದಳು. ದೊಡ್ಡ ಸರ್ ಬಂದದ್ದು ಕಂಡು ಎದ್ದು ನಿಂತಳು. ಮರಿಯನ್ನು ಕೆಳಗಿಳಿಸಲಿಲ್ಲ. ಮಾಲಿಂಗಪ್ಪ ಮುಖ ತಿರುಗಿಸಿ ಮುಳ್ಳು ತೆಗೆಯುತ್ತಲೇ ಇದ್ದ.

ಹಟ್ಟಿಗೆ ಬಂದವರು ವೈರಿಯಾದರೂ ಮೊದಲು ಬಾಯಿಗೆ ಏನಾದರೂ ಬೀಳಬೇಕು, ಆಮೇಲೆ ಮಾತು. ಉದ್ದವ್ವ ಕಂಬಳಿ ಹಾಸಿದಳು. ಆಡಿನ ಹಾಲಿನ ಚಹಾ ಮಾಡಿದಳು. ಮಾಸ್ತರರು ಕುಡಿದು, ಲೋಟ ಕೆಳಗಿಟ್ಟು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಹೇಳಿದರು. ತಪ್ಪು ತನ್ನದು, ಹುಡುಗಿಯದಲ್ಲ. ನಾಳೆ ಸಂಜೆಯೊಳಗೆ ಹೆಸರು ಹೋಗಬೇಕು. ಮರಳಿ ಸೇರಿಸುವ ಅರ್ಜಿ ಬರೆದು ತಂದಿದ್ದೇನೆ, ಒಂದು ಹೆಬ್ಬೆಟ್ಟು ಒತ್ತಿದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಮಾಲಿಂಗಪ್ಪ, ತನ್ನ ಕಾಲಿಗೇ ಹೇಳಿಕೊಳ್ಳುವ ಹಾಗೆ, “ನಾಕು ತಾಸು ಕೈ ಮುಗದು ನಿಂತಿದ್ದೆ ಸರ. ನೀವು ಒಮ್ಮೆರ ನನ್ನ ಕಡೆ ನೋಡಲಿಲ್ಲ” ಎಂದ.

ಮಾಸ್ತರರ ತಲೆ ತಗ್ಗಿತು. ದೀಪಾ ಮಾತು ತಿರುಗಿಸಲೋ ಏನೋ, ಆ ಪೆಟ್ಟಿಗೆ ತಪ್ಪೇ ಎಣಿಸುತ್ತಿತ್ತು ಎಂದು ಮೆಲ್ಲನೆ ಹೇಳಿದಳು. ಇಬ್ಬರು ಜೋಡಿಯಾಗಿ ಬಂದರೆ ಒಂದೇ ಎನ್ನುತ್ತಿತ್ತಂತೆ. ಕುರಿಗಳಂತೂ ಜೋಡಿ ಬಿಟ್ಟು ನಡೆಯುವುದೇ ಇಲ್ಲ.

ಉದ್ದವ್ವ ನಕ್ಕಳು. “ಕೇಳಿದಿರೇನ್ರಿ ಮಾಸ್ತರ್ರ? ಕುರಿ ಎಣಿಸಬ್ಯಾಡ ಅಂತ ನಾ ಅಂದಿದ್ದೆ. ಮಕ್ಕಳನ್ನ ಎಣಿಸಬ್ಯಾಡ ಅನ್ನಾಕ ಮರತೆ. ಅಷ್ಟ ನನ್ನ ತಪ್ಪು. ನೀವಂತೂ ದಿನಾ ಪುಸ್ತಕ ಹಿಡದು ಮಕ್ಕಳನ್ನ ಎಣಿಸಾವ್ರು, ನಿಮಗ ಯಾರು ಹೇಳಬೇಕು!”

ಮಾಸ್ತರರೂ ನಕ್ಕರು, ನಗು ಬಂದದ್ದಕ್ಕೆ ಕಣ್ಣು ತೇವವಾಯಿತು. ಕೆಲಸ ಆಯಿತೆಂದುಕೊಂಡು ಚೀಲದಿಂದ ಅರ್ಜಿ ತೆಗೆದರು. ಉದ್ದವ್ವ ನೂಲಿನ ಕದಿರನ್ನು ಮಡಿಲಲ್ಲಿಟ್ಟು, ಆ ಕಾಗದವನ್ನು ಅವರ ಕೈಗೇ ಹಿಂದಕ್ಕೆ ಸರಿಸಿದಳು. ಈಗ ಅವಳ ದನಿಯಲ್ಲಿ ನಗೆ ಇರಲಿಲ್ಲ.

“ಇಲ್ಲಿ ಕುರಿ ಮುಂದ ತಪ್ಪಾತು ಅಂದ್ರ ಏನ ಬಂತ್ರಿ? ಕುರಿಗೋಳು ನಮ್ಮ ಹುಡುಗಿಗೆ ಏನೂ ಅಂದಿಲ್ಲ. ಅಂದಾವ್ರ ಮುಂದ ಹೇಳ್ರಿ. ನಾಳೆ ಮೊದಲನೇ ಬಸ್ಸಿಗೆ ನಾನು ಆಕಿ ಬರ್ತೇವಿ, ಗೇಟಿನ ಹೊರಗ ನಿಲ್ತೇವಿ. ನೀವು ಹೇಳಿದ್ರ ಆಕಿ ಒಳಗ. ಇಲ್ಲಂದ್ರ ಬಂದ ಬಸ್ಸಿಗೆ ಹೊಳ್ಳಿ ಬರ್ತೇವಿ. ನಮ್ಮದೇನ ಸಿಟ್ಟಿಲ್ಲ.”

ಮಾಲಿಂಗಪ್ಪ ಆಗ ಮೊದಲ ಸಲ ಮಾಸ್ತರರ ಮುಖ ನೋಡಿದ. ಅರ್ಜಿಯನ್ನು ತಾನೇ ಇಸಿದುಕೊಂಡು ಹೆಬ್ಬೆಟ್ಟು ಒತ್ತಿ, ಅವ್ವನ ಕೈಗೆ ಕೊಟ್ಟ. ನಾಳೆಯತನಕ ಅದು ಅವಳ ಬಳಿಯೇ.

ಹೊಳ್ಳಿ ಬರುವ ಬಸ್ಸಿನಲ್ಲಿ ವೀರಪ್ಪ ಮಾಸ್ತರರಿಗೆ ಹುಕ್ಕೇರಿಯಿಂದ ಗೋಕಾಕದತನಕ ಏನೂ ಕಾಣಲಿಲ್ಲ. ಅವರು ಕ್ಷಮೆ ಕೇಳಲು ಹೋಗಿದ್ದರು ನಿಜ. ಆದರೆ ಜಾಲಿ ಮರದ ನೆರಳಲ್ಲಿ ಕೇಳಿ, ಕಾಗದದಲ್ಲಿ ಮುಗಿಸಿಬಿಡುವ ಕ್ಷಮೆ ಅದು. ಊರ ಮುಂದೆ ಹೇಳುವುದೆಂದರೆ ಅರ್ಜುನನ ಮುಂದೆ ಹೇಳಬೇಕು. ಅವನು ಸಿಟ್ಟಿನವನು, ಮೇಲಿನವರಿಗೆ ಬರೆದುಕೊಡಬಹುದು. ವಿಚಾರಣೆ ಆಗಬಹುದು. ಏಳು ತಿಂಗಳು ಉಳಿದಾಗ ಹೆಸರು ಕೆಡಬಹುದು. ಒಂದು ಮನಸ್ಸು ಹೇಳಬೇಕೆಂದಿತು, ಒಂದು ಮನಸ್ಸು ಮೈ ಹುಷಾರಿಲ್ಲವೆಂದು ರಜೆ ಹಾಕೆಂದಿತು. ದೇವರು ಮನುಷ್ಯನನ್ನು ಪರೀಕ್ಷಿಸುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಅವನು ಮನುಷ್ಯನ ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತಿರುತ್ತಾನೆ, ಎಲ್ಲಿ ಇಳಿಯುತ್ತೀ ಎಂದೂ ಕೇಳುವುದಿಲ್ಲ. ಮನೆಗೆ ಬಂದ ಗಂಡನಿಗೆ ಪಾರವ್ವ ನೀರು ಕೊಟ್ಟು, ಹೋಳಿಗೆ ಹುಡುಗಿ ತಿಂದಳೇ ಎಂದಷ್ಟೇ ಕೇಳಿದಳು. ಚೀಲದಲ್ಲಿ ಹೋಳಿಗೆ ಹಾಗೆಯೇ ಇದ್ದವು. ಕೊಡುವುದನ್ನೇ ಮರೆತಿದ್ದರು.

ಸೋಮವಾರ ಅವರು ಬೇಗ ಹೋಗಿ, ಅರ್ಜುನನನ್ನೂ ಊರಿನ ನಾಲ್ಕು ಹಿರಿಯರನ್ನೂ ಕರೆತರಲು ಮುತ್ತಪ್ಪನನ್ನು ಕಳಿಸಿದರು. ಮಕ್ಕಳು ಸಾಲಾಗಿ ನಿಂತರು. ಗೇಟಿನ ಹೊರಗೆ, ಒಳಗೆ ಒಂದು ಹೆಜ್ಜೆಯನ್ನೂ ಇಡದೆ, ಉದ್ದವ್ವ ಮತ್ತು ದೀಪಾ ನಿಂತಿದ್ದರು. ಹುಡುಗಿ ಶಾಲೆಯ ಬಟ್ಟೆ ಉಟ್ಟಿದ್ದಳು, ಮಡಿಕೆಯ ಗೆರೆಗಳು ಹಾಗೆಯೇ ಇದ್ದವು. ಅರ್ಜುನ ಅವರನ್ನು ನೋಡಿ ಏನೋ ಗೊಣಗಿ ಗೋಡೆಗೆ ಆನಿಕೊಂಡ.

ವೀರಪ್ಪ ಮಾಸ್ತರರು ಕಟ್ಟೆ ಹತ್ತಿದರು. ಮೂವತ್ತು ವರ್ಷ ಮಾತನ್ನೇ ಕಸುಬು ಮಾಡಿಕೊಂಡವರಿಗೆ ಆ ದಿನ ಮಾತು ಸಣ್ಣದಾಗಿಯೇ ಬಂತು. ದೀಪಾ ಇಟ್ಟದ್ದು ಕುರಿ ಎಣಿಸುವ ಪೆಟ್ಟಿಗೆ, ಅದರಲ್ಲಿ ಯಾರಿಗೂ ಏನೂ ಆಗುವಂಥದ್ದು ಇರಲಿಲ್ಲ ಎಂದರು. ಅವಳು ಬಂದು ಹೇಳಿದಳು, ನಾನು ಕೇಳಲಿಲ್ಲ ಎಂದರು. ಮುತ್ತಪ್ಪ ಸುಮ್ಮನೆ ನಿಂತು ನೋಡಿರೆಂದ, ಅದನ್ನೂ ಕೇಳಲಿಲ್ಲ ಎಂದರು. ಆಮೇಲೆ ಅರ್ಜುನನ ಕಡೆ ತಿರುಗಿ, ಗೋಡೆ ಜಿಗಿಯಿರೆಂದು ಮಕ್ಕಳಿಗೆ ಹೇಳಿದವನು ನಾನು, ಆಮೇಲೆ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಹುಡುಗಿಯ ಮೇಲೆ ಹಾಕಿದವನೂ ನಾನೇ ಎಂದರು.

ಅರ್ಜುನ ಗೋಡೆ ಬಿಟ್ಟು ಮುಂದೆ ಬಂದ. ಸಿಟ್ಟಿನ ಮನುಷ್ಯನ ದನಿ ಅಂದು ವಿಚಿತ್ರವಾಗಿ ಸಾವಕಾಶ ಇತ್ತು.

“ಹಂಗಾರ ನನ್ನ ಮಗಳ ಕೈ ಮುರಿಯಾಕ ನೀವ ಕಾರಣ ಏನ್ರಿ?”

“ಹೌದಪಾ. ನಾನ.”

“ಇಷ್ಟು ದಿನ ಆ ಹುಡುಗಿನ್ನ ಬೈಕೋತ ತಿರುಗೀನಿ ನಾ.” ಅವನು ಗೇಟಿನ ಕಡೆ ನೋಡಲಾರದೆ ನೆಲ ನೋಡಿದ. “ಇಲ್ಲಿ ಹೇಳಿದ್ದು ಸಾಲಂಗಿಲ್ರಿ. ಸಂಜಿಕ ಮನಿಗೆ ಬರ್ರಿ. ಭಾಗ್ಯಾನ ಮುಂದನೂ ಹೇಳ್ರಿ. ಮುಂದಿಂದು ಆಮ್ಯಾಲ ನೋಡೋಣು.”

ಬರುತ್ತೇನೆ ಎಂದರು ಮಾಸ್ತರರು. ಆಮೇಲೆ ಏನಾಗುತ್ತದೋ ಅವರಿಗೆ ಗೊತ್ತಿರಲಿಲ್ಲ. ಆದರೆ ಇಪ್ಪತ್ತು ದಿನದಿಂದ ಗಂಟಲಲ್ಲಿ ಕೂತಿದ್ದದ್ದು ಈಗ ಅಲ್ಲಿ ಇರಲಿಲ್ಲ. ಗೇಟಿನ ಹೊರಗೆ ಉದ್ದವ್ವ ಸೆರಗಿನ ಗಂಟು ಬಿಚ್ಚಿ ಅರ್ಜಿ ತೆಗೆದು ಮೊಮ್ಮಗಳ ಕೈಗಿಟ್ಟು, ಅವಳ ಬೆನ್ನಿಗೆ ಅಂಗೈ ಕೊಟ್ಟು ಒಳಕ್ಕೆ ದೂಡಿದಳು. ದೀಪಾ ನಡೆದು ಬಂದು ಕಾಗದವನ್ನು ದೊಡ್ಡ ಸರ್ ಕೈಗೆ ಕೊಟ್ಟು, ಹತ್ತನೆಯ ತರಗತಿಯ ಸಾಲಿಗೆ ಹೋದಳು. ಹುಡುಗಿಯರು ಒಬ್ಬೊಬ್ಬರಾಗಿ ಒಂದೊಂದು ಹೆಜ್ಜೆ ಹಿಂದೆ ಸರಿದು ಜಾಗ ಮಾಡಿದರು. ಪ್ರಾರ್ಥನೆ ಶುರುವಾಯಿತು. ಮಧ್ಯಾಹ್ನಕ್ಕೆ ಯಾದಿ ಹೋಯಿತು, ಅವಳ ಹೆಸರಿನ ಜೊತೆಗೆ.

ಸಂಜೆ ಮಾಸ್ತರರು ಅರ್ಜುನನ ಮನೆಗೆ ಹೊರಟಾಗ ದೀಪಾ ತಾನೂ ಬರುತ್ತೇನೆಂದು ಹಿಂದೆ ಬಂದಳು. ಇಬ್ಬರೂ ಓಣಿ ದಾಟಿದರು. ಭಾಗ್ಯಾ ಹೊರಸಿನ ಮೇಲೆ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಅರ್ಜುನ ಬಾಗಿಲಲ್ಲಿ ನಿಂತ. ಹದಿಮೂರು ವರ್ಷದ ಹುಡುಗಿಯ ಮುಂದೆ ನಿಂತು ಹೇಳುವುದು ಊರ ಮುಂದೆ ಹೇಳಿದ್ದಕ್ಕಿಂತ ಕಠಿಣವಾಯಿತು.

“ಭಾಗ್ಯಾ, ಅವತ್ತ ಗ್ವಾಡಿ ಜಿಗೀರಿ ಅಂದಾಂವ ನಾನವಾ.”

“ಗೊತ್ತೈತ್ರಿ ಸರ” ಎಂದಳು ಹುಡುಗಿ, ಇದರಲ್ಲೇನು ಹೊಸದು ಎಂಬಂತೆ. “ನಾ ಕೇಳೀನ್ರಿ. ಎಲ್ಲಾ ಹುಡುಗೂರೂ ಕೇಳ್ಯಾರ್ರಿ.”

ಮಾಸ್ತರರು ಹೊರಸಿನ ಕಾಲ ಬಳಿ ಕುಕ್ಕರಿಸಿದರು. ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ್ದು ಅರ್ಜುನ.

“ನಮ್ಮನ್ನ ಯಾರ ಕೇಳಿದ್ರಪಾ?”

ಭಾಗ್ಯಾ ಹೊರಸಿನ ಮೇಲೆ ಸ್ವಲ್ಪ ಸರಿದು ಕುಳಿತಳು. ದೀಪಾ ಹೋಗಿ ಅವಳ ಬಾಜೂಕೆ ಕೂತು, ನೋಯದ ಹಾಗೆ, ಪ್ಲಾಸ್ಟರಿನ ಕೈಯನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.